ಕಾರು ನೋಡೋಕೆ ಮುಂಚೆ ಮನೆ ಪ್ಲಗ್ ನೋಡಿ: ಭದ್ರಾವತಿಯಿಂದ ಬಂದ ಒಂದು ಇವಿ ಪ್ರಶ್ನೆ

ಪ್ರಶ್ನೆ: ಸರ್, ನಾನು ಭದ್ರಾವತಿಯಲ್ಲಿರೋದು, ಕೆಲಸ ಶಿವಮೊಗ್ಗದ ಬ್ಯಾಂಕಲ್ಲಿ. ದಿನಾ ಹೋಗಿ ಬರೋದು ಸೇರಿ 40 ಕಿಮೀ ಆಗುತ್ತೆ. ತಿಂಗಳಿಗೊಂದ್ ಸಲ ಅತ್ತೆ ಮನೆಗೆ ತೀರ್ಥಹಳ್ಳಿ ಹತ್ರದ ಹಳ್ಳಿಗೆ, ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗ್ತೀವಿ. 10-11 ಲಕ್ಷದೊಳಗೆ ಸಣ್ಣ ಎಲೆಕ್ಟ್ರಿಕ್ ಕಾರು ತಗೋಬೇಕು ಅಂತ ಆಸೆ. ನಮ್ಮೆಜಮಾನ್ರು ಬ್ಯಾಟ್ರಿ ಹೋದ್ರೆ ಕಾರೇ ಹೋದಂಗೆ, ಬೆಂಕಿ ಬೇರೆ ಹತ್ಕೊಳ್ಳುತ್ತೆ ಅಂತಾರೆ. ಮನೆ ಸ್ವಂತದ್ದು, 25 ವರ್ಷ ಹಳೇದು, ಪೋರ್ಟಿಕೋ ಇದೆ. ಕರೆಂಟ್ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತೆ. ತಗೋಬಹುದಾ?

ಉತ್ತರ: ತಗೋಬಹುದು ಮೇಡಂ. ಆದ್ರೆ ನೀವು ಬರೆದಿದ್ರಲ್ಲಿ ನನ್ನ ಕಣ್ಣು ಹೋಗಿ ನಿಂತಿದ್ದು 40 ಕಿಮೀ ಮೇಲಲ್ಲ, ಬೆಂಗಳೂರಿನ ಮೇಲೂ ಅಲ್ಲ, "25 ವರ್ಷ ಹಳೇ ಮನೆ" ಅನ್ನೋ ಮಾತಿನ ಮೇಲೆ. ನಾನು ಮೂಲತಃ ವೈರಿಂಗ್ ಕೆಲಸದವನು, ಮೂರು ವರ್ಷದಿಂದ 24 ಯೂನಿಟ್ ಬ್ಯಾಟ್ರಿಯ ಸಣ್ಣ ಇವಿ (ಎಲೆಕ್ಟ್ರಿಕ್ ಕಾರು) ಓಡಿಸ್ತಿದ್ದೀನಿ, ಊರಲ್ಲಿ ಯಾರೇ ಇವಿ ತಗೊಂಡ್ರೂ ಪ್ಲಗ್ ಹಾಕೋಕೆ ನನ್ನನ್ನೇ ಕರೀತಾರೆ, ಹಂಗಾಗಿ ಹತ್ತಾರು ಮನೆ ನೋಡಿದ್ದೀನಿ. ಇವಿ ತಗೊಂಡು ಬೇಜಾರಾದವರಲ್ಲಿ ಹೆಚ್ಚಿನವರಿಗೆ ಕಾರಿಂದ ತೊಂದ್ರೆ ಆಗಿಲ್ಲ, ಮನೆ ಗೋಡೆಯಿಂದ ಆಗಿದೆ.

ಮೊದ್ಲು ಈ ಯೂನಿಟ್ ಅಂದ್ರೆ ಏನು ಹೇಳ್ಬಿಡ್ತೀನಿ. ಶೋರೂಮಲ್ಲಿ 24 ಕಿಲೋವ್ಯಾಟ್ ಅವರ್ ಬ್ಯಾಟ್ರಿ ಅಂತಾರಲ್ಲ, ಆ ಒಂದು ಕಿಲೋವ್ಯಾಟ್ ಅವರ್ ಅನ್ನೋದೇ ನಿಮ್ಮ ಮೆಸ್ಕಾಂ ಕರೆಂಟ್ ಬಿಲ್ಲಿನ ಒಂದು ಯೂನಿಟ್, ಬೇರೆ ಏನಿಲ್ಲ. ಖಾಲಿ ಬ್ಯಾಟ್ರಿ ತುಂಬಿಸೋಕೆ 24 ಯೂನಿಟ್, ಜೊತೆಗೆ ಚಾರ್ಜ್ ಆಗೋವಾಗ ಬಿಸಿಯಾಗಿ ಹೋಗೋದು ಒಂದು 10-12 ಪರ್ಸೆಂಟ್, ಒಟ್ಟು 27 ಯೂನಿಟ್ ಗೋಡೆಯಿಂದ ಎಳೆಯುತ್ತೆ. ಅಷ್ಟಕ್ಕೆ ಎಷ್ಟು ಓಡುತ್ತೆ? ಟಾಟಾದ ಸಣ್ಣ ಕಾರು ಟಿಯಾಗೊ ಇವಿ 2022ರಲ್ಲಿ ಬಂದಾಗ 24ರ ಬ್ಯಾಟ್ರಿಗೆ 315 ಕಿಮೀ ಅಂತ ಪೇಪರಲ್ಲಿ ಇತ್ತು, ಅದು ಟೆಸ್ಟ್ ಲ್ಯಾಬಿನ ನಂಬರ್, ನಮ್ಮ ರೋಡಲ್ಲಿ ಎಸಿ ಹಾಕ್ಕೊಂಡು ಇಬ್ರು ಮೂವರು ಕೂತು ಹೋದ್ರೆ 180ರಿಂದ 200 ಅಂತ ಇಟ್ಕೊಳ್ಳಿ. ಪೆಟ್ರೋಲ್ ಕಾರಿಗೆ ಹೈವೇಲಿ ಮೈಲೇಜ್ ಜಾಸ್ತಿ ಅಲ್ವಾ, ಇದಕ್ಕೆ ಉಲ್ಟಾ, ಊರೊಳಗೆ ಜಾಸ್ತಿ ಹೈವೇಲಿ ಕಮ್ಮಿ, ಯಾಕಂದ್ರೆ ಬ್ರೇಕ್ ಹಾಕಿದಾಗೆಲ್ಲ ಮೋಟ್ರೇ ಡೈನಮೋ ಥರ ತಿರುಗಿ ಸ್ವಲ್ಪ ಕರೆಂಟ್ ವಾಪಸ್ ಹಾಕುತ್ತೆ, ಹೈವೇಲಿ ಬ್ರೇಕೂ ಇಲ್ಲ, 100ರಲ್ಲಿ ಹೋದ್ರೆ ಗಾಳಿ ತಳ್ಳೋದಕ್ಕೇ ಅರ್ಧ ಶಕ್ತಿ ಖರ್ಚು.

ನಿಮ್ಮ ದಿನದ 40 ಕಿಮೀಗೆ ಗೋಡೆಯಿಂದ 5-6 ಯೂನಿಟ್ ಸಾಕು. ಎರಡು ಗಂಟೆ ಚಾರ್ಜಿಂಗ್, ಅಷ್ಟೇ. ಜನ "ಎಂಟು ಒಂಬತ್ತು ಗಂಟೆ ಚಾರ್ಜ್ ಹಾಕ್ಬೇಕಂತೆ" ಅಂತ ಹೆದರೋದು ಖಾಲಿಯಿಂದ ಫುಲ್ ಆಗೋ ಲೆಕ್ಕ ಹಿಡ್ಕೊಂಡು, ದಿನಾ ಯಾರು ಖಾಲಿ ಮಾಡ್ತಾರೆ ಹೇಳಿ? ನಾನು ಮೂರು ದಿನಕ್ಕೊಂದ್ ಸಲ ಹಾಕ್ತೀನಿ, ಕೆಲವು ಸಲ ಅದೂ ಮರೆತುಹೋಗುತ್ತೆ.

ಈಗ ಗೋಡೆ ವಿಷಯ. ಕಾರಿನ ಜೊತೆ ಬರೋ ಪೋರ್ಟಬಲ್ ಚಾರ್ಜರ್ 15-16 ಆಂಪಿಯರ್ ಮೂರು ಪಿನ್ ಪ್ಲಗ್ಗಿಗೆ ಹಾಕೋದು, ಗೀಸರ್ ಪ್ಲಗ್ ಅಂತೀವಲ್ಲ ಅದೇ. ಗೀಸರ್ ಹತ್ತು ನಿಮಿಷ ಉರಿದು ಆಫ್ ಆಗುತ್ತೆ, ಇದು ಅದೇ ಥರದ ಲೋಡನ್ನ ಒಂದೇ ಸಮ ಗಂಟೆಗಟ್ಟಲೆ ಎಳೆಯುತ್ತೆ. ಹಳೇ ಮನೇಲಿ ಪೋರ್ಟಿಕೋ ಪ್ಲಗ್ಗಿಗೆ ಲೈಟ್ ಲೈನಿಂದಲೇ ಸಣ್ಣ ವೈರಲ್ಲಿ ಎಳೆದಿರ್ತಾರೆ, ಮಿಕ್ಸಿಗೆ ಸರಿ, ಕಾರಿಗೆ ಹಾಕಿದ್ರೆ ಸಾಕೆಟ್ ಬಿಸಿಯಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದಿನ ಕರಗುತ್ತೆ. ನಿಮ್ಮೆಜಮಾನ್ರು ಬೆಂಕಿ ಅಂತ ಹೆದರ್ತಾರಲ್ಲ, ಹೆದರಲಿ, ಆದ್ರೆ ಹೆದರಬೇಕಾದ ಜಾಗ ಇದು. ಟಿಯಾಗೊ ಇವಿಯಂಥ ಕಾರುಗಳಲ್ಲಿರೋ ಎಲ್‌ಎಫ್‌ಪಿ ಸೆಲ್, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, ಬೇರೆ ಲಿಥಿಯಂ ಬ್ಯಾಟ್ರಿಗಳಿಗಿಂತ ಬಿಸಿ ತಡ್ಕೊಳ್ಳೋ ಜಾತಿ. ಸಾಕೆಟ್ ಆ ಜಾತಿ ಅಲ್ಲ. ಮೀಟರ್ ಬೋರ್ಡಿಂದಲೇ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಅಂತ ಬೇರೆ, ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ 20 ಆಂಪಿಯರ್ ಎಂಸಿಬಿ, ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಒಳ್ಳೆ ಕಂಪನಿಯ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸ್ಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಯಾವತ್ತೂ ಬೇಡ, ಮದುವೆ ಮನೆಗೆ ತರೋ ಆ ವೈರ್ ಸುರುಳಿಯಂತೂ ಬೇಡವೇ ಬೇಡ, ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗಲ್ಲ, ಒಳಗೇ ಬೆಂದುಹೋಗುತ್ತೆ.

ಇದೆಲ್ಲ ದುಡ್ಡು ಕೊಟ್ರೆ ಅರ್ಧ ದಿನದಲ್ಲಿ ಆಗೋ ಕೆಲಸ. ಮಲೆನಾಡು ಕಡೆ ನಿಜವಾದ ತಲೆನೋವು ಅರ್ತಿಂಗ್, ಅಂದ್ರೆ ಲೀಕಾದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ. ಹಳೇ ಮನೆಗಳಲ್ಲಿ ಮೂರನೇ ಪಿನ್ ಇರುತ್ತೆ, ಅದರ ಹಿಂದೆ ವೈರೇ ಇರಲ್ಲ, ಇದ್ರೂ 25 ವರ್ಷದ ಹಿಂದೆ ಹೂತ ಪೈಪ್ ತುಕ್ಕು ತಿಂದು ಮಾಯ ಆಗಿರುತ್ತೆ. ಟಿವಿ ಫ್ರಿಡ್ಜು ಇದನ್ನ ಕೇಳಲ್ಲ, ಓಡ್ತವೆ. ಇವಿ ಚಾರ್ಜರ್ ಕೇಳುತ್ತೆ, ಅರ್ತ್ ಸರಿ ಇಲ್ಲ ಅಂದ್ರೆ ಕೆಂಪು ಲೈಟ್ ಹಾಕ್ಕೊಂಡು ಕೂತುಬಿಡುತ್ತೆ, ಒಂದು ಯೂನಿಟ್ಟೂ ತಗೊಳ್ಳಲ್ಲ. ಹೊಸ ಕಾರು ತಂದ ದಿನ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಬರೋದು ಇದಕ್ಕೇ, "ಕಾರು ಕೆಟ್ಟಿದೆ ಸಾರ್, ಚಾರ್ಜೇ ಆಗ್ತಿಲ್ಲ" ಅಂತ. ಕಾರು ಸರಿಯಾಗೇ ಇರುತ್ತೆ, ನಿಮ್ಮ ಮನೆ ಅಪಾಯದಲ್ಲಿದೆ ಅಂತ 25 ವರ್ಷದಲ್ಲಿ ಮೊದಲ ಸಲ ಯಾರೋ ಹೇಳಿರ್ತಾರೆ ಅಷ್ಟೇ.

ಇಲ್ಲೊಂದು ಮಾತು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಕೆಲವು ಎಲೆಕ್ಟ್ರಿಷಿಯನ್‌ಗಳು ಐದು ನಿಮಿಷದಲ್ಲಿ ಸರಿ ಮಾಡ್ಕೊಡ್ತೀನಿ ಅಂತ ಸಾಕೆಟ್ ಒಳಗೆ ನ್ಯೂಟ್ರಲ್ಲಿಂದ (ಕರೆಂಟ್ ವಾಪಸ್ ಹೋಗೋ ವೈರು) ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಲೂಪ್ ಹಾಕ್ತಾರೆ. ಚಾರ್ಜರಿಗೆ ಮೋಸ ಆಗಿ ಹಸಿರು ಲೈಟ್ ಬರುತ್ತೆ, ಎಲ್ರೂ ಖುಷಿ. ಆದ್ರೆ ಮಳೆಗಾಲದಲ್ಲಿ ಕಂಬದಿಂದ ಮನೆಗೆ ಬರೋ ನ್ಯೂಟ್ರಲ್ ಎಲ್ಲಾದ್ರೂ ಕಿತ್ತುಹೋಯ್ತು ಅಂದ್ಕೊಳ್ಳಿ, ನಮ್ಮ ಕಡೆ ಕೊಂಬೆ ಬಿದ್ದು ಅದು ಆಗ್ತಾನೇ ಇರುತ್ತೆ, ಆಗ ಮನೆಯ ಬೇರೆ ಲೋಡಿನ ಮೂಲಕ ಬಂದ ಕರೆಂಟ್ ಆ ಲೂಪ್ ಹಿಡ್ಕೊಂಡು ಸೀದಾ ಕಾರಿನ ಬಾಡಿಗೆ ಬರುತ್ತೆ. ಒದ್ದೆ ಕಾಲಲ್ಲಿ ಡೋರ್ ಮುಟ್ಟಿದವರ ಗತಿ ನಾನು ಹೇಳೋದು ಬೇಡ. ಲೂಪ್ ಹಾಕ್ತೀನಿ ಅಂದವನನ್ನ ಕಾಫಿ ಕೊಟ್ಟು ಕಳಿಸಿ. ಸರಿಯಾದ ದಾರಿ ಒಂದೇ, ಹೊಸ ಅರ್ತ್ ಪಿಟ್: ಗುಂಡಿ ತೋಡಿ, ಎಲೆಕ್ಟ್ರೋಡ್ ಹೂತು, ಉಪ್ಪು ಇದ್ದಿಲು ಹಾಕಿ ಮಾಡೋದು ಹಳೇ ಪದ್ಧತಿ, ಈಗ ಕೆಮಿಕಲ್ ಅರ್ತಿಂಗ್ ಅಂತ ರೆಡಿ ರಾಡ್ ಬರುತ್ತೆ, ಎರಡೂ ನಡೆಯುತ್ತೆ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೊಂದ್ ಕೊಡ ನೀರು ಹಾಕಿ. ಮುಗಿದ ಮೇಲೆ ಮಲ್ಟಿಮೀಟರಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಎಷ್ಟು ವೋಲ್ಟ್ ಇದೆ ಅಂತ ನಿಮ್ಮ ಕಣ್ಣೆದುರಿಗೇ ನೋಡಿಸ್ಕೊಳ್ಳಿ, ಮನೇಲಿ ಗೀಸರ್ ಆನ್ ಇರೋವಾಗ. ಎರಡು ಮೂರು ವೋಲ್ಟ್ ಇದ್ರೆ ಆರಾಮು, ಹತ್ತು ಹದಿನೈದು ತೋರಿಸಿದ್ರೆ ಕೆಲಸ ಮುಗಿದಿಲ್ಲ ಅಂತ. ಪೂರ್ತಿ ಸೊನ್ನೆ ಬಂದ್ರೆ ಸಾಕೆಟ್ ಬಿಚ್ಚಿಸಿ ನೋಡಿ, ಲೂಪ್ ಇದ್ರೂ ಇರಬಹುದು.

ಆಮೇಲೆ ಸ್ಯಾಂಕ್ಷನ್ ಲೋಡ್, ಅಂದ್ರೆ ನಿಮ್ಮ ಮನೆ ಒಂದೇ ಸಲಕ್ಕೆ ಇಷ್ಟು ಎಳೀಬಹುದು ಅಂತ ಮೆಸ್ಕಾಂ ಮಂಜೂರು ಮಾಡಿರೋ ಮಿತಿ. ಹಳೇ ಮನೆ ಅಂದ್ರೆ 1 ಅಥವಾ 2 ಕಿಲೋವ್ಯಾಟ್ ಇರುತ್ತೆ, ಬಿಲ್ಲಲ್ಲೇ ಬರೆದಿರ್ತಾರೆ. ಚಾರ್ಜರ್ ಒಂದೇ 3ರ ಮೇಲೆ ಎಳೆಯುತ್ತೆ. ಮೆಸ್ಕಾಂ ಸಬ್‌ಡಿವಿಜನ್‌ಗೆ ಅರ್ಜಿ ಹಾಕಿ 5ಕ್ಕೆ ಏರಿಸ್ಕೊಳ್ಳಿ, ಡೆಪಾಸಿಟ್ ಕಟ್ಬೇಕು, ತಿಂಗಳ ಫಿಕ್ಸೆಡ್ ಚಾರ್ಜೂ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಅಂತ ಏರುತ್ತೆ.

ಈಗ ದುಡ್ಡಿನ ಲೆಕ್ಕ, ಇದನ್ನ ಡೀಲರ್ ಯಾರೂ ನಿಮಗೆ ಹೇಳಲ್ಲ. ಅವರು ಹೇಳೋದು "ಮೇಡಂ ಕಿಲೋಮೀಟರಿಗೆ ಒಂದೇ ರೂಪಾಯಿ". ಕಾರಿನ ಕರೆಂಟು ಮಾತ್ರ ನೋಡಿದ್ರೆ ನಿಜಾನೇ. ಆದ್ರೆ ನಿಮ್ಮ ಬಿಲ್ ಇವತ್ತು ಸೊನ್ನೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ ಒಟ್ಟು 200 ಯೂನಿಟ್ ದಾಟಿತು ಅಂದ್ರೆ ಮೇಲಿಂದಷ್ಟಕ್ಕೇ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. ಆಫೀಸಿನ ಓಡಾಟ 1,000, ತೀರ್ಥಹಳ್ಳಿ ಒಂದ್ಸಲ, ಊರೊಳಗಿನ ಚಿಲ್ಲರೆ ಎಲ್ಲ ಸೇರಿ ತಿಂಗಳಿಗೆ 1,200 ಕಿಮೀ, ಅದಕ್ಕೆ 170 ಯೂನಿಟ್. ಮನೆಗೆ 100 ಖರ್ಚಾಗ್ತಿದ್ರೆ ಒಟ್ಟು 270. ಯೂನಿಟ್ ದರ 6 ರೂಪಾಯಿ ಆಸುಪಾಸು, ಜೊತೆಗೆ ತೆರಿಗೆ, 5 ಕಿಲೋವ್ಯಾಟಿನ ಫಿಕ್ಸೆಡ್ ಚಾರ್ಜ್, ಎಲ್ಲ ಕೂಡಿ ಸೊನ್ನೆ ಇದ್ದ ಬಿಲ್ 2,500ರ ಹತ್ರ ಬರುತ್ತೆ. ನಿಮ್ಮ ನಿಜವಾದ "ಇಂಧನ ಖರ್ಚು" ಅದು, 1,200 ಅಲ್ಲ. ಹಂಗಂದ್ರೂ ಪೆಟ್ರೋಲ್ ಕಾರಲ್ಲಿ ಲೀಟರಿಗೆ 17 ಕಿಮೀ ಕೊಟ್ರೆ 70 ಲೀಟರ್, 7,000ದ ಮೇಲೆ. ತಿಂಗಳಿಗೆ ನಾಲ್ಕೂವರೆ ಸಾವಿರ ಉಳಿಯುತ್ತೆ. ಇವಿಗೆ ಅಂತಲೇ ಬೇರೆ ಮೀಟರ್ ಬೇರೆ ಟ್ಯಾರಿಫ್‌ನಲ್ಲಿ ತಗೊಳ್ಳೋ ದಾರಿನೂ ಇದೆ, ಸಬ್‌ಡಿವಿಜನ್‌ಗೆ ಲೋಡ್ ಅರ್ಜಿ ಕೊಡೋಕೆ ಹೋದಾಗಲೇ ಇದನ್ನೂ ಕೇಳಿ, ಎರಡನ್ನೂ ಪೇಪರ್ ಮೇಲೆ ಲೆಕ್ಕ ಹಾಕಿ ಆಮೇಲೆ ಒಂದನ್ನ ಆರಿಸ್ಕೊಳ್ಳಿ.

ಒಂದೇ ಮಾಡೆಲ್ಲಿನ ಪೆಟ್ರೋಲಿಗೂ ಇವಿಗೂ ವ್ಯತ್ಯಾಸ ಎರಡೂವರೆ ಮೂರು ಲಕ್ಷ ಅಂದ್ಕೊಂಡ್ರೆ ಐದಾರು ವರ್ಷದೊಳಗೆ ವಾಪಸ್ ಬರುತ್ತೆ ನಿಮ್ಮ ಓಡಾಟಕ್ಕೆ. ತಿಂಗಳಿಗೆ 400-500 ಕಿಮೀ ಮಾತ್ರ ಓಡ್ಸೋರಿಗೆ ನಾನು ಇವಿ ತಗೊಳ್ಳಿ ಅಂತ ಹೇಳಲ್ಲ, ಗಿಟ್ಟಲ್ಲ. ಇನ್ನೊಂದು, ಯಾರಾದ್ರೂ ಇವಿ ಲೋನಿನ ಬಡ್ಡಿ ಮೇಲೆ ಇನ್‌ಕಂ ಟ್ಯಾಕ್ಸ್ ವಿನಾಯಿತಿ ಇದೆ ಅಂದ್ರೆ ನಂಬಬೇಡಿ, ಆ 80ಇಇಬಿ ಸೆಕ್ಷನ್ ಇದ್ದಿದ್ದು 2023 ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ. ಬ್ಯಾಂಕಲ್ಲಿರೋ ನಿಮಗೆ ನಾನು ಹೇಳೋದು ಅಧಿಕಪ್ರಸಂಗ, ಬಿಡಿ. ರೋಡ್ ಟ್ಯಾಕ್ಸ್ ನಿಯಮನೂ ಬದಲಾಗ್ತಿರುತ್ತೆ, 2024ರಲ್ಲಿ 25 ಲಕ್ಷದ ಮೇಲಿನ ಇವಿಗಳಿಗೆ 10 ಪರ್ಸೆಂಟ್ ಹಾಕಿದ್ರು, ಬುಕ್ ಮಾಡೋ ದಿನದ ಆನ್‌ರೋಡ್ ಬ್ರೇಕಪ್ ಬರೆಸ್ಕೊಳ್ಳಿ.

ಬ್ಯಾಟ್ರಿ ಹೋದ್ರೆ ಕಾರೇ ಹೋದಂಗೆ ಅನ್ನೋ ಭಯ ಎಲ್ಲಿಂದ ಬಂತು ಅಂತ ನನಗೊಂದು ಅನುಮಾನ ಇದೆ. 2001ರಲ್ಲಿ ನಮ್ಮ ಬೆಂಗಳೂರಲ್ಲೇ ಚೇತನ್ ಮೈನಿಯವರ ರೇವಾ ಬಂತಲ್ಲ, ಆ ಮುದ್ದಾದ ಡಬ್ಬಿ ಕಾರು, ಲಂಡನ್ನಿಗೂ ಹೋಯ್ತು, ಜಿ-ವಿಜ್ ಅಂತ ಕರೀತಿದ್ರು. ಅದರಲ್ಲಿದ್ದಿದ್ದು ಲೆಡ್ ಆಸಿಡ್ ಬ್ಯಾಟ್ರಿ, ನಮ್ಮ ಯುಪಿಎಸ್‌ನ ಥರ, ನೀರು ಹಾಕ್ತಾ ಇರ್ಬೇಕು, ಕೆಲವೇ ವರ್ಷಕ್ಕೆ ಪೂರ್ತಿ ಸೆಟ್ ಬದಲಾಯಿಸ್ಬೇಕು. ಇವತ್ತಿಂದು ಆ ಕಥೆ ಅಲ್ಲ. ಟಿಯಾಗೊ ಇವಿ ಬ್ಯಾಟ್ರಿಗೆ 8 ವರ್ಷ ಅಥವಾ 1.6 ಲಕ್ಷ ಕಿಮೀ ವಾರಂಟಿ ಅಂತ ಕೊಟ್ರು, ನಿಮ್ಮ ಓಡಾಟಕ್ಕೆ 8 ವರ್ಷಕ್ಕೆ 1.15 ಲಕ್ಷ ಕಿಮೀ ಆಗುತ್ತೆ ಅಷ್ಟೇ. ಬ್ಯಾಟ್ರಿ ಒಂದೇ ದಿನ ಸಾಯೋದೂ ಇಲ್ಲ, ನಿಧಾನಕ್ಕೆ ಹಿಡಿಸೋದು ಕಮ್ಮಿ ಆಗ್ತಾ ಹೋಗುತ್ತೆ, 190 ಓಡ್ತಿದ್ದಿದ್ದು 150 ಆದ್ರೂ ನಿಮ್ಮ 40ಕ್ಕೆ ಏನೂ ಆಗಲ್ಲ.

ಒಂದು ಅಭ್ಯಾಸ ಇಟ್ಕೊಳ್ಳಿ, ತಿಂಗಳಿಗೆ ಎರಡು ಮೂರು ಸಲ ಮನೆ ಪ್ಲಗ್ಗಲ್ಲೇ ನಿಧಾನವಾಗಿ ಪೂರ್ತಿ 100ಕ್ಕೆ ತುಂಬಿಸಿ ಅದಾಗೇ ಕಟ್ ಆಗೋವರೆಗೂ ಬಿಡಿ. ಎಲ್‌ಎಫ್‌ಪಿ ಸೆಲ್ ನಮ್ಮ ಅಡುಗೆ ಮನೆ ಗ್ಯಾಸ್ ಸಿಲಿಂಡರ್ ಇದ್ದಂಗೆ, ಅರ್ಧ ಇದ್ರೂ ಕಾಲುಭಾಗ ಇದ್ರೂ ಉರಿ ಒಂದೇ ಥರ, ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಕಾರಿಗೂ ಸರಿಯಾಗಿ ಗೊತ್ತಾಗಲ್ಲ. ಫುಲ್ ಆದಾಗ ಮಾತ್ರ ಅದರ ಲೆಕ್ಕ ಸರಿಹೋಗೋದು. ತಿಂಗಳುಗಟ್ಟಲೆ ಅರ್ಧಂಬರ್ಧ ಹಾಕ್ಕೊಂಡು ಓಡ್ಸಿದವರಿಗೆ 18 ಪರ್ಸೆಂಟ್ ತೋರಿಸ್ತಿದ್ದಿದ್ದು ಇದ್ದಕ್ಕಿದ್ದಂಗೆ 5 ಆಗಿ ದಾರಿ ಮಧ್ಯೆ ನಿಂತಿದ್ದುಂಟು.

ನನ್ನ ಕಾರು ಒಂದ್ಸಲ ಕೈಕೊಟ್ಟಿದ್ದು ದೊಡ್ಡ ಬ್ಯಾಟ್ರಿಯಿಂದ ಅಲ್ಲ, ಚಿಕ್ಕದ್ರಿಂದ. ಹೆಚ್ಚುಕಮ್ಮಿ ಎಲ್ಲ ಇವಿಯಲ್ಲೂ ಹಳೇ ಕಾಲದ 12 ವೋಲ್ಟ್ ಬ್ಯಾಟ್ರಿ ಇನ್ನೊಂದು ಇರುತ್ತೆ, ಲಾಕು, ಲೈಟು, ಕಂಪ್ಯೂಟರು ಎಲ್ಲ ಅದರ ಮೇಲೆ. ಮಗಳ ಹೆರಿಗೆ ಅಂತ ಇಪ್ಪತ್ತು ದಿನ ಊರಲ್ಲಿರಲಿಲ್ಲ, ವಾಪಸ್ ಬಂದ್ರೆ ಕಾರು ಕಲ್ಲು, ದೊಡ್ಡ ಬ್ಯಾಟ್ರಿ 70 ಪರ್ಸೆಂಟ್ ತುಂಬಿದೆ, ಬಾಗಿಲೇ ತೆಗೀತಿಲ್ಲ. ಕೊನೆಗೆ ಕೀಯೊಳಗಿರೋ ಲೋಹದ ಕೀಯಲ್ಲಿ ಡೋರ್ ತೆಗೆದು, ಎದುರು ಮನೆಯವರ ಹಳೇ ಡೀಸೆಲ್ ಜೀಪಿಂದ ಜಂಪ್ ಕೊಟ್ಟು ಎಬ್ಬಿಸಿದ್ದು. ಆ ಜೀಪಿನವ್ರು ಇವತ್ತಿಗೂ ಸಿಕ್ಕಿದಾಗೆಲ್ಲ ಆಡ್ಕೊಳ್ತಾರೆ. ಹಂಗಾಗಿ ವಾರಕ್ಕೊಂದ್ಸಲ ಅರ್ಧ ಗಂಟೆ ಓಡ್ಸಿ.

ಅತ್ತೆ ಮನೆ ವಿಷಯಕ್ಕೆ ಬರೋಣ. ಭದ್ರಾವತಿಯಿಂದ ತೀರ್ಥಹಳ್ಳಿ ಹತ್ರ 80 ಕಿಮೀ, ಹೋಗಿ ಬರೋಕೆ 160 ಪ್ಲಸ್ ಹಳ್ಳಿ ದಾರಿ. ಅಲ್ಲಿ ಚಾರ್ಜ್ ಮಾಡದೇ ವಾಪಸ್ ಬರ್ಬಹುದು ಆದ್ರೆ ಎದೆ ಡವಡವ ಅಂತ ಇರುತ್ತೆ. ಅಲ್ಲಿ ರಾತ್ರಿ ಉಳ್ಕೊಳ್ತೀರಲ್ಲ, ನಾಲ್ಕು ಗಂಟೆ ಚಾರ್ಜ್ ಸಿಕ್ಕಿದ್ರೆ ಸಾಕು. ಆದ್ರೆ ಹಳ್ಳಿಯಲ್ಲಿ ಸಂಜೆ ಹೊತ್ತು ಎಲ್ರೂ ಮೋಟ್ರು ಹಾಕಿದಾಗ ವೋಲ್ಟೇಜ್ 170ಕ್ಕೆ ಇಳಿದಿರುತ್ತೆ, ಚಾರ್ಜರ್ ನಿಂತು ನಿಂತು ಶುರುವಾಗುತ್ತೆ, ಹಂಗಾಗಿ ರಾತ್ರಿ ಹನ್ನೊಂದರ ಮೇಲೆ ಹಾಕಿ. ಆ ಮನೆಯಲ್ಲೂ ಒಂದು ಅರ್ತ್ ಪಿಟ್ ಮಾಡಿಸಿ, ಅತ್ತೆಯವರ ವಾಷಿಂಗ್ ಮಷೀನಿಗೂ ಒಳ್ಳೇದು. ಜುಲೈ ಆಗಸ್ಟಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರಲ್ಲ, ಆ ತಿಂಗಳು ಹೋಗೋವಾಗ ಶಿವಮೊಗ್ಗದಲ್ಲೇ ತುಂಬಿಸ್ಕೊಂಡು ಹೋಗಿ. ಇನ್ವರ್ಟರಲ್ಲಿ ಚಾರ್ಜ್ ಆಗಲ್ಲ, ಸಣ್ಣ ಜನರೇಟರಲ್ಲೂ ಅರ್ತ್ ಫಾಲ್ಟ್ ತೋರಿಸಿ ಕೂರೋದೇ ಹೆಚ್ಚು. ಮಾವನವರು "ತೋಟದ ಪಂಪ್‌ಸೆಟ್ ಲೈನಿಂದ ಹಾಕ್ಕೊಳ್ಳಮ್ಮ, ಫ್ರೀ ಇದೆ" ಅನ್ನಬಹುದು, ಪ್ರೀತಿಯಿಂದಲೇ ಅಂತಾರೆ, ಬೇಡ ಅನ್ನಿ, ಅದು ಕೃಷಿಗೆ ಕೊಟ್ಟ ಕರೆಂಟು, ಸಿಕ್ಕಿಬಿದ್ರೆ ಕೇಸು.

ಅಲ್ಲಿಂದ ಉಡುಪಿ ಕಡೆ ಹೋಗೋ ಮನಸ್ಸಾದ್ರೆ ಆಗುಂಬೆ ಘಾಟಿ ಇಳಿಯೋದು ಇವಿಯಲ್ಲಿ ಒಂದು ಸುಖ. 14 ತಿರುವು, ರೀಜೆನ್ (ಮೋಟ್ರು ಕರೆಂಟ್ ವಾಪಸ್ ಹಾಕುತ್ತೆ ಅಂದ್ನಲ್ಲ, ಅದು) ಜಾಸ್ತಿಗೆ ಇಟ್ಕೊಂಡ್ರೆ ಬ್ರೇಕ್ ಪೆಡಲ್ ಮುಟ್ಟೋದೇ ಅಪರೂಪ, ಕೆಳಗೆ ಸೋಮೇಶ್ವರಕ್ಕೆ ಬರೋಷ್ಟರಲ್ಲಿ ಒಂದು ಯೂನಿಟ್ ಆಸುಪಾಸು ವಾಪಸ್ ಬಂದಿರುತ್ತೆ, ಅಂದ್ರೆ ಏಳೆಂಟು ಕಿಮೀ ಪುಕ್ಕಟೆ. ಹತ್ತೋವಾಗ ಅದರ ಎರಡು ಮೂರರಷ್ಟು ಕಿತ್ಕೊಳ್ಳುತ್ತೆ, ಆ ಮಾತು ಬೇರೆ. ಘಾಟಿ ತಲೆ ಮೇಲೆ 100 ಪರ್ಸೆಂಟ್ ಚಾರ್ಜ್ ಇಟ್ಕೊಂಡು ಮಾತ್ರ ಇಳೀಬೇಡಿ, ತುಂಬಿದ ಕೊಡಕ್ಕೆ ಮತ್ತೆಲ್ಲಿ ನೀರು ಹಾಕೋದು, ರೀಜೆನ್ ಹಿಡಿಯೋದೇ ಇಲ್ಲ, ಬ್ರೇಕ್ ಮೇಲೇ ಇಳೀಬೇಕಾಗುತ್ತೆ.

ಬೆಂಗಳೂರು. ಭದ್ರಾವತಿಯಿಂದ 250-260 ಕಿಮೀ, ಒಂದೇ ಚಾರ್ಜಲ್ಲಿ ಆಗಲ್ಲ. 80ರಲ್ಲಿ ಹೋದ್ರೆ ತಿಪಟೂರು ಹೊತ್ತಿಗೆ ಕಾಲುಭಾಗ ಉಳಿದಿರುತ್ತೆ, ಅಲ್ಲೊಂದು ಗಂಟೆ, ಆಮೇಲೆ ತುಮಕೂರು ಸುತ್ತಮುತ್ತ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನೋಷ್ಟು ಹೊತ್ತು ಇನ್ನೊಂದ್ಸಲ ಹಾಕ್ಕೊಂಡ್ರೆ ನೆಮ್ಮದಿ. ಸಣ್ಣ ಬ್ಯಾಟ್ರಿ ಕಾರು 60 ಕಿಲೋವ್ಯಾಟ್ ಚಾರ್ಜರಿಗೆ ಹಾಕಿದ್ರೂ ತನ್ನ ಶಕ್ತಿ ಇದ್ದಷ್ಟೇ ಕುಡಿಯೋದು, 10ರಿಂದ 80ಕ್ಕೆ ಒಂದು ಗಂಟೆ ಖಚಿತ. ಪಬ್ಲಿಕ್ ಚಾರ್ಜರ್ ದರ ಯೂನಿಟ್ಟಿಗೆ 20 ರೂಪಾಯಿ ಸುತ್ತಮುತ್ತ, ಅಂದ್ರೆ ಅಲ್ಲಿ ಉಳಿತಾಯ ಅಷ್ಟಕ್ಕಷ್ಟೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ವ್ಯಾಲೆಟ್ಟಿಗೆ ದುಡ್ಡು ಹಾಕಿಡ್ಬೇಕು, ಹೋಗಿ ನೋಡಿದ್ರೆ ಮಷೀನ್ ಕೆಟ್ಟಿರುತ್ತೆ ಅಥವಾ ಮುಂದೆ ಯಾರೋ ಪೆಟ್ರೋಲ್ ಕಾರು ಪಾರ್ಕ್ ಮಾಡಿ ಊಟಕ್ಕೆ ಹೋಗಿರ್ತಾರೆ. 25-30 ಪರ್ಸೆಂಟ್ ಇರೋವಾಗಲೇ ನಿಲ್ಲಿಸಿ, ಮುಂದಿನ ಇನ್ನೊಂದು ಚಾರ್ಜರಿಗೆ ಹೋಗೋಷ್ಟು ಕೈಲಿರ್ಲಿ. ನನ್ನ ಕೇಳಿದ್ರೆ ವರ್ಷಕ್ಕೆ ನಾಲ್ಕೇ ಸಲ ತಾನೇ, ಟ್ರೈನಲ್ಲಿ ಹೋಗಿ, ಆ ನಾಲ್ಕು ಪ್ರಯಾಣಕ್ಕೋಸ್ಕರ ಇನ್ನೂ ನಾಲ್ಕು ಲಕ್ಷ ಕೊಟ್ಟು ದೊಡ್ಡ ಬ್ಯಾಟ್ರಿ ಹೊತ್ಕೊಂಡು ದಿನಾ ಓಡಾಡೋದು ನನಗೆ ಸರಿ ಕಾಣಲ್ಲ.

ಯಾವ ಕಾರು? ಎಂಜಿ ಕಂಪನಿಯ ಕಾಮೆಟ್ ಇವಿ ಮುದ್ದಾಗಿದೆ, 17.3ರ ಬ್ಯಾಟ್ರಿ, ಮೂರು ಮೀಟರಿಗಿಂತ ಚಿಕ್ಕದು, ಎರಡೇ ಡೋರು, ದಾರಿಯಲ್ಲಿ ಬೇಗ ತುಂಬಿಸೋ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ, ಬೆಂಗಳೂರಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು, ತೀರ್ಥಹಳ್ಳಿ ದಾರಿಗಲ್ಲ. ಬ್ಯಾಟ್ರಿ ಬಾಡಿಗೆ ಸ್ಕೀಮಲ್ಲಿ ಅದು 2024ರಲ್ಲಿ 4.99 ಲಕ್ಷಕ್ಕೆ ಶುರುವಾಯ್ತು, ಕಿಮೀಗೆ ಎರಡೂವರೆ ರೂಪಾಯಿ ಬಾಡಿಗೆ ಬೇರೆ ಇತ್ತು. ಆ ಲೆಕ್ಕದಲ್ಲಿ ನಿಮ್ಮ 1,200 ಕಿಮೀಗೆ ತಿಂಗಳಿಗೆ 3,000 ಬಾಡಿಗೆ, ಮೇಲೆ ಕರೆಂಟು, ಉಳಿತಾಯದ ಮೂರರಲ್ಲಿ ಎರಡು ಪಾಲು ಅಲ್ಲೇ ಸೋರಿಹೋಯ್ತು. ಟಿಯಾಗೊ ಇವಿ ತಗೊಳ್ಳೋದಾದ್ರೆ 19.2 ಬಿಟ್ಟು 24ರದ್ದೇ ತಗೊಳ್ಳಿ. ಟಾಟಾದ್ದೇ ಪಂಚ್ ಇವಿ, ಸಣ್ಣ ಬ್ಯಾಟ್ರಿಯದ್ದು, ಬಜೆಟ್ಟಿಗೆ ಬಂದ್ರೆ ಹಳ್ಳಿ ರೋಡಿಗೆ ಎತ್ತರ ಅನುಕೂಲ. ಮಲೆನಾಡಲ್ಲಿ ಇಲಿ ಕಾಟ ಜಾಸ್ತಿ, ಬಾನೆಟ್ ಒಳಗಿನ ವೈರ್ ಕಡಿದ್ರೆ ಸಾವಿರಾರು ರೂಪಾಯಿ, ಇನ್ಶೂರೆನ್ಸಲ್ಲಿ ಅದು ಬರುತ್ತಾ ಅಂತ ಕೇಳಿ ಸಹಿ ಹಾಕಿ.

ಟೆಸ್ಟ್ ಡ್ರೈವ್ ಮುಂದಿನ ತಿಂಗಳು ಇಟ್ಕೊಳ್ಳಿ. ಈ ವಾರ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಅರ್ತ್ ವೋಲ್ಟೇಜ್ ಅಳೆಸಿ, ಬಿಲ್ಲಲ್ಲಿ ಸ್ಯಾಂಕ್ಷನ್ ಲೋಡ್ ಎಷ್ಟಿದೆ ನೋಡಿ, ಮೀಟರ್ ಬೋರ್ಡಿಂದ ಪೋರ್ಟಿಕೋಗೆ ಎಷ್ಟು ಮೀಟರ್ ವೈರ್ ಆಗುತ್ತೆ ಅಂತ ಟೇಪ್ ಹಿಡಿದು ನೋಡಿ. ಈ ಮೂರು ನಂಬರ್ ಬರೆದು ಕಳಿಸಿ, ವೈರ್ 4 ಸ್ಕ್ವೇರ್ ಎಂಎಂ ಸಾಕಾ 6 ಬೇಕಾ ಅಂತ ಹೇಳ್ತೀನಿ.